ಬೀದಿಯಲ್ಲಿ ನಿಂತು ಕ್ಯಾಮೆರಾಗೆ ಮಾತಾಡುವುದು: ಮುಜುಗರ ಬಿಡಿಸಿಕೊಳ್ಳುವ ಕ್ರಮ

ರಸ್ತೆ ಬದಿಯಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಹೂಡಿ, ಒಂದು ಕಣ್ಣು ಮುಚ್ಚಿ ಇಣುಕುವ ಸರ್ವೆಯವರನ್ನು ನೋಡಿ ಯಾರೂ ನಗುವುದಿಲ್ಲ. ‘ರಸ್ತೆ ಅಗಲ ಮಾಡ್ತಾರೇನೋ’ ಎಂದುಕೊಂಡು ಜನ ತಮ್ಮ ಪಾಡಿಗೆ ಹೋಗುತ್ತಾರೆ. ಅದೇ ಜಾಗದಲ್ಲಿ ಮೊಬೈಲ್ ಟ್ರೈಪಾಡ್ ಇಟ್ಟು ನಿಂತವರ ಕಿವಿ ಮಾತ್ರ ಬಿಸಿಯಾಗುತ್ತದೆ. ಸರ್ವೆಯವರಿಗೆ ಮುಂದಿನ ಕೆಲಸ ಯಾವುದು ಅಂತ ಗೊತ್ತು. ವಿಡಿಯೊ ಮಾಡಲು ಹೊಸದಾಗಿ ನಿಂತವರಿಗೆ ಗೊತ್ತಿರುವುದಿಲ್ಲ.

‘ಯಾರೂ ನಿಮ್ಮನ್ನು ನೋಡ್ತಿಲ್ಲ, ಧೈರ್ಯವಾಗಿರಿ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದರ ಹಿಂದೆ ಒಂದು ಸಂಶೋಧನೆಯೂ ಇದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು 2000ರಲ್ಲಿ ಪ್ರಕಟಿಸಿದ್ದು. ಗಾಯಕ ಬ್ಯಾರಿ ಮ್ಯಾನಿಲೋ ಮುಖವಿದ್ದ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಕೂತವರಲ್ಲಿ ಹತ್ತಿರಹತ್ತಿರ ಅರ್ಧ ಜನ ಅದನ್ನು ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದಾಜು ಮಾಡಿದರು. ನಿಜಕ್ಕೂ ಗಮನಿಸಿದ್ದವರು ಕಾಲು ಭಾಗದಷ್ಟು. ಆದರೆ ಅದು ಬರೀ ಅಂಗಿ. ಟ್ರೈಪಾಡ್ ಇಟ್ಟು ಒಬ್ಬರೇ ಮಾತಾಡುತ್ತಿದ್ದರೆ ನಮ್ಮ ಊರುಗಳಲ್ಲಿ ಜನ ನೋಡಿಯೇ ನೋಡುತ್ತಾರೆ, ಕೆಲವರು ನಿಂತೂ ನೋಡುತ್ತಾರೆ. ನಮ್ಮಲ್ಲಿ ದಿಟ್ಟಿಸಿ ನೋಡುವುದು ತಪ್ಪೇನಲ್ಲ, ಹೊತ್ತು ಕಳೆಯುವ ದಾರಿ. ಹಾಗಾಗಿ ಯಾರೂ ನೋಡುವುದಿಲ್ಲ ಎಂದು ನಂಬಿಕೊಂಡು ಹೊರಟವರು ಮೊದಲ ನೋಟಕ್ಕೇ ಕುಸಿಯುತ್ತಾರೆ. ನೋಡುತ್ತಾರೆ ಎಂದುಕೊಂಡೇ ಹೊರಡುವುದು ವಾಸಿ.

ಮುಜುಗರ ಯಾವ ಕ್ಷಣದಲ್ಲಿ ಏರುತ್ತದೆ ಎಂದು ಗಮನಿಸಿ. ಮಾತಾಡುವಾಗ ಅಲ್ಲ. ಟ್ರೈಪಾಡ್ ಕಾಲು ಬಿಚ್ಚಿಕೊಳ್ಳದೆ ಒದ್ದಾಡುವಾಗ, ಬಟನ್ ಒತ್ತಿ ಓಡಿ ಹೋಗಿ ನಿಲ್ಲುವಾಗ, ಏನು ಹೇಳಬೇಕು ಎಂದು ಯೋಚಿಸುವಾಗ, ತೆಗೆದದ್ದನ್ನು ಅಲ್ಲೇ ನಿಂತು ಮತ್ತೆ ಮತ್ತೆ ನೋಡುವಾಗ. ಕೈಗೆ ಕೆಲಸವಿಲ್ಲದ ಆ ಸಂದುಗಳಲ್ಲಿ ಅದು ನುಗ್ಗುತ್ತದೆ. ಆ ಸಂದುಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದರೆ ಉಳಿಯುವುದು ಸ್ವಲ್ಪವೇ.

ಮನೆಯಲ್ಲಿ, ಮೊದಲ ವಾರ

ದಿನಕ್ಕೆ ಒಂದೇ ನಿಮಿಷದ ಒಂದು ವಿಡಿಯೊ. ತಾರಸಿ, ಹಿತ್ತಲು, ಕೋಣೆ, ಎಲ್ಲಾದರೂ ಸರಿ. ವಿಷಯ ದೊಡ್ಡದು ಬೇಡ: ಇವತ್ತು ತಂದ ತರಕಾರಿಯ ಬೆಲೆ, ಮಿಕ್ಸಿ ಯಾಕೆ ಸದ್ದು ಮಾಡುತ್ತಿದೆ, ಇಂಥದ್ದು. ತೆಗೆದ ದಿನವೇ ನೋಡಬೇಡಿ. ಮಾರನೆಯ ದಿನ ಮೂರು ಸಲ ನೋಡಿ: ಮೊದಲು ಸದ್ದಿಲ್ಲದೆ, ಆಮೇಲೆ ಫೋನ್ ಬೋರಲು ಹಾಕಿ ಬರೀ ಸದ್ದು, ಕೊನೆಗೆ ಎರಡೂ ಸೇರಿಸಿ. ಹೀಗೆ ಬೇರೆ ಮಾಡಿದಾಗ ನಿಮಗೆ ಹಿಡಿಸದಿರುವುದು ಮುಖವೋ, ದನಿಯೋ, ಕೈ ಆಡಿಸುವ ರೀತಿಯೋ ಎಂಬುದು ಗೊತ್ತಾಗುತ್ತದೆ. ಹೆಚ್ಚಿನವರಿಗೆ ಮೂರೂ ಇಷ್ಟವಾಗುವುದಿಲ್ಲ, ಮತ್ತು ದನಿಗೂ ಮುಖಕ್ಕೂ ಅದರ ಕಾರಣ ಬೇರೆ ಬೇರೆ.

ನಾವು ಮಾತಾಡುವಾಗ ನಮ್ಮ ದನಿ ಗಾಳಿಯ ಜೊತೆಗೆ ತಲೆಬುರುಡೆಯ ಮೂಳೆಯ ಮೂಲಕವೂ ಕಿವಿಗೆ ಬರುತ್ತದೆ. ಮೂಳೆಯ ದಾರಿ ತಗ್ಗಿನ ಸ್ವರಗಳನ್ನು ಗಟ್ಟಿಯಾಗಿ ಒಯ್ಯುವುದರಿಂದ ನಮಗೆ ನಮ್ಮ ದನಿ ತುಂಬಿಕೊಂಡಂತೆ ಕೇಳುತ್ತದೆ. ರೆಕಾರ್ಡಿಂಗ್‌ನಲ್ಲಿ ಆ ಭಾಗವಿಲ್ಲ. ಅದಕ್ಕೇ ಅದು ತೆಳ್ಳಗೆ, ಬೇರೆ ಯಾರದೋ ದನಿ ಅನ್ನಿಸುತ್ತದೆ. ಮನೆಯವರನ್ನು ಕೇಳಿ ನೋಡಿ, ಅವರಿಗೆ ವ್ಯತ್ಯಾಸವೇ ಕಾಣುವುದಿಲ್ಲ.

ಮುಖದ ಲೆಕ್ಕ ಬೇರೆ. ನಾವು ದಿನಾ ನೋಡುವುದು ಕನ್ನಡಿಯ ಮುಖ. ಸೆಲ್ಫಿ ಕ್ಯಾಮೆರಾದ ಪರದೆಯೂ ತೆಗೆಯುವಾಗ ಕನ್ನಡಿಯಂತೆಯೇ ತೋರಿಸುತ್ತದೆ. ಆದರೆ ಎಷ್ಟೋ ಫೋನ್‌ಗಳು ವಿಡಿಯೊ ಉಳಿಸುವಾಗ ಎಡಬಲ ಸರಿಮಾಡಿಬಿಡುತ್ತವೆ. ಬೈತಲೆ ಆ ಕಡೆಯಿಂದ ಈ ಕಡೆಗೆ ಬಂದಿರುತ್ತದೆ, ಹುಬ್ಬಿನ ಏರುಪೇರು ಎದ್ದು ಕಾಣುತ್ತದೆ. ಜೊತೆಗೆ ದೂರದ ಸಮಸ್ಯೆ. ಮುಖದಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಮೂಗು, ಒಂದೂವರೆ ಮೀಟರ್ ದೂರದಿಂದ ತೆಗೆದದ್ದಕ್ಕಿಂತ ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದ್ದಾರೆ. ಮೂಗಿನದೇನೂ ತಪ್ಪಿಲ್ಲ. ಫೋನನ್ನು ಹಿಂದಕ್ಕೆ ಸರಿಸಿ.

ಒಂದು ವಾರದಲ್ಲಿ ಏಳು ತುಣುಕು ಆಗುತ್ತವೆ. ಅವನ್ನು ಯಾರಿಗೂ ಕಳಿಸುವುದಿಲ್ಲ, ಎಲ್ಲೂ ಹಾಕುವುದಿಲ್ಲ ಎಂದು ಮೊದಲೇ ತೀರ್ಮಾನಿಸಿ. ಹಾಕಬಹುದೇನೋ ಎಂಬ ಆಸೆ ಉಳಿದರೆ ಪ್ರತಿ ತುಣುಕೂ ಪರೀಕ್ಷೆಯಾಗಿಬಿಡುತ್ತದೆ.

ಇದೇ ವಾರದಲ್ಲಿ ಕೈಗೂ ತಾಲೀಮು ಬೇಕು. ಟ್ರೈಪಾಡನ್ನು ಚೀಲದಿಂದ ತೆಗೆದು, ಕಾಲು ಬಿಡಿಸಿ, ಫೋನ್ ಸಿಕ್ಕಿಸಿ, ಮೈಕ್ ಹಚ್ಚಿ, ರೆಕಾರ್ಡ್ ಒತ್ತುವವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ಹಿಡಿದು ನೋಡಿ. ಮೊದಲ ದಿನ ಮೂರು ನಿಮಿಷ ಬೇಕಾಗಬಹುದು. 40 ಸೆಕೆಂಡಿಗೆ ಇಳಿಯುವವರೆಗೆ ದಿನಾ ಐದು ಸಲ ಮಾಡಿ. ಹುಚ್ಚಾಟದಂತೆ ಕಾಣುತ್ತದೆ, ಆದರೆ ಈ ಲೇಖನದಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ.

ಸಾಮಾನು

ಹೆಚ್ಚೇನೂ ಬೇಡ. 120ರಿಂದ 150 ಸೆಂಟಿಮೀಟರ್ ಏರುವ ಹಗುರ ಟ್ರೈಪಾಡ್, ಬ್ಲೂಟೂತ್ ರಿಮೋಟ್, ಬಟ್ಟೆಗೆ ಸಿಕ್ಕಿಸುವ ಚಿಕ್ಕ ಮೈಕ್. ರಿಮೋಟ್ ತೀರಾ ಅಗ್ಗದ್ದು, ಆದರೆ ಬಟನ್ ಒತ್ತಿ ಓಡಿಬರುವ ಅವಸ್ಥೆಯನ್ನು ಅದೊಂದೇ ತಪ್ಪಿಸುತ್ತದೆ. ಅದರ ಗುಂಡಿ ಬ್ಯಾಟರಿ ಹೆಚ್ಚಿಗೆ ಒಂದು ಜೇಬಿನಲ್ಲಿರಲಿ. ರಿಂಗ್ ಲೈಟ್, ದೊಡ್ಡ ಕ್ಯಾಮೆರಾ, ಫೋನ್ ಅಲುಗದಂತೆ ಹಿಡಿಯುವ ಗಿಂಬಲ್ ಮನೆಯಲ್ಲೇ ಇರಲಿ. ಸಾಮಾನು ಹೆಚ್ಚಿದಷ್ಟೂ ಸುತ್ತ ಜನ ಹೆಚ್ಚುತ್ತಾರೆ, ಕಾವಲುಗಾರರೂ ಬೇಗ ಬರುತ್ತಾರೆ.

ಮೈಕಿಗೂ ಸಂಕೋಚಕ್ಕೂ ನೇರ ಸಂಬಂಧವಿದೆ. ಗದ್ದಲವಿದ್ದ ಕಡೆ ಮನುಷ್ಯ ತನಗೇ ತಿಳಿಯದಂತೆ ದನಿ ಏರಿಸುತ್ತಾನೆ. ನೂರು ವರ್ಷದ ಹಿಂದೆಯೇ ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ ಇದನ್ನು ಗುರುತಿಸಿದ್ದ. ಫೋನ್ ದೂರದಲ್ಲಿದೆ, ಬಸ್ಸು ಹೋಗುತ್ತಿದೆ ಎಂದು ನೀವು ಕೂಗತೊಡಗುತ್ತೀರಿ. ಕೂಗಿದ್ದಕ್ಕೆ ಹತ್ತು ಜನ ತಿರುಗುತ್ತಾರೆ. ಅವರು ತಿರುಗಿದ್ದಕ್ಕೆ ನಿಮ್ಮ ಗಂಟಲು ಬಿಗಿದು ದನಿ ಕೀರಲಾಗುತ್ತದೆ. ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ, ಅಂದರೆ 20 ಸೆಂಟಿಮೀಟರ್ ಆಸುಪಾಸಿನಲ್ಲಿ ಸಿಕ್ಕಿಸಿದರೆ ಈ ಸುತ್ತು ತಪ್ಪುತ್ತದೆ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಂತೆಲ್ಲ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದೂವರೆ ಮೀಟರ್ ದೂರದ ಫೋನಿಗಿಂತ ಗೇಣಿನಷ್ಟು ಹತ್ತಿರದ ಮೈಕಿಗೆ 17 ಡೆಸಿಬೆಲ್‌ನಷ್ಟು ಲಾಭ. ಪಕ್ಕದಲ್ಲಿ ಕೂತವರೊಡನೆ ಮಾತಾಡುವ ದನಿ ಸಾಕಾಗುತ್ತದೆ. ವೈರಿನ ಇಯರ್‌ಫೋನಿನ ಮೈಕ್ ಆದರೂ ನಡೆಯುತ್ತದೆ, ಅಂಗಿಗೆ ಉಜ್ಜದಂತೆ ಪಿನ್ ಹಾಕಿ. ಸೀರೆ ಉಟ್ಟಿದ್ದರೆ ಸೆರಗಿನ ಮಡಿಕೆಗಿಂತ ರವಿಕೆಯ ಅಂಚಿಗೆ ಹಾಕುವುದು ಮೇಲು. ಸೆರಗು ಸರಿದಾಗಲೆಲ್ಲ ಸರಸರ ಸದ್ದು ತುಂಬಿಕೊಳ್ಳುತ್ತದೆ.

ಮನೆ ಬಿಡುವ ಮುಂಚೆ ಲೆನ್ಸನ್ನು ಹತ್ತಿ ಬಟ್ಟೆಯಲ್ಲಿ ಒರೆಸಿ. 5 ಜಿಬಿ ಜಾಗ ಖಾಲಿ ಇರಲಿ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ 1080 ಪಿ, ಸೆಕೆಂಡಿಗೆ 30 ಫ್ರೇಮ್ ಸಾಕು, ಹೆಚ್ಚು ಜಾಗ ನುಂಗುವ 4ಕೆ ಈಗ ಬೇಡ. ರಾತ್ರಿ ಅಂಗಡಿ ಬೀದಿಯಲ್ಲಿ ತೆಗೆಯುವುದಾದರೆ 25 ಫ್ರೇಮ್ ಇಡಿ. ನಮ್ಮ ಕರೆಂಟು 50 ಹರ್ಟ್ಸ್, 30ರಲ್ಲಿ ತೆಗೆದರೆ ಕೆಲವು ದೀಪಗಳು ಪಟಪಟ ಮಿನುಗುತ್ತವೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಬ್ಲೂಟೂತ್ ಮಾತ್ರ ತೆರೆಯಿರಿ. ಎಷ್ಟೋ ಫೋನ್‌ಗಳಲ್ಲಿ ಕರೆ ಬಂದರೆ ರೆಕಾರ್ಡಿಂಗ್ ನಿಂತುಹೋಗುತ್ತದೆ, ಮತ್ತು ಆ ಕರೆ ಹೆಚ್ಚಾಗಿ ಲೋನ್ ಬೇಕಾ ಎಂದು ಕೇಳುವವರದೇ ಆಗಿರುತ್ತದೆ.

ಹೊರಗೆ, ಮೆಟ್ಟಿಲು ಮೆಟ್ಟಿಲಾಗಿ

ಮೊದಲ ಮೆಟ್ಟಿಲು: ವಿಡಿಯೊ ಕಾಲ್ ವೇಷ. ಇಯರ್‌ಫೋನ್ ಹಾಕಿ, ಫೋನನ್ನು ಮುಖದ ಮುಂದೆ ಹಿಡಿದು ನಡೆಯುತ್ತ ಮಾತಾಡುವವರು ಈಗ ಬೀದಿಗೆ ಹತ್ತು ಜನ. ಅವರಲ್ಲಿ ಒಬ್ಬರಾಗಿ. ವ್ಯತ್ಯಾಸ ಇಷ್ಟೇ, ಆ ಕಡೆ ಯಾರೂ ಇಲ್ಲ, ರೆಕಾರ್ಡ್ ಆಗುತ್ತಿದೆ. ‘ಹಾಂ, ಈಗ ತರಕಾರಿ ಅಂಗಡಿ ಹತ್ರ ಇದೀನಿ’ ಎಂದೇ ಶುರುಮಾಡಿ.

ಇದಕ್ಕೆ ನಿಮ್ಮ ಬಡಾವಣೆ ಬೇಡ. ಗುರುತಿಲ್ಲದವರ ನೋಟಕ್ಕಿಂತ ‘ಏನೋ, ಹೀರೋ ಆಗ್ಬಿಟ್ಟಿದೀಯಾ’ ಎನ್ನುವ ಪಕ್ಕದ ಮನೆಯವರ ಒಂದು ಮಾತು ಹೆಚ್ಚು ಚುಚ್ಚುತ್ತದೆ. ಮಲ್ಲೇಶ್ವರದವರು ಜಯನಗರಕ್ಕೆ ಹೋಗಲಿ, ಜಯನಗರದವರು ಮಲ್ಲೇಶ್ವರಕ್ಕೆ. ಚಿಕ್ಕ ಊರಾದರೆ ಪಕ್ಕದ ಊರಿನ ಬಸ್ ನಿಲ್ದಾಣ. ಸ್ವಂತ ಬೀದಿ ಕೊನೆಯ ಮೆಟ್ಟಿಲು.

ಎರಡನೆಯದು: ಎಲ್ಲರೂ ಫೋನ್ ಎತ್ತಿರುವ ಜಾಗ. ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ, ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ, ದೀಪ ಹಚ್ಚಿದ ಭಾನುವಾರ ಸಂಜೆ ಮೈಸೂರು ಅರಮನೆಯ ಮುಂಭಾಗ, ಮಳೆಗಾಲದ ಜೋಗ. ಇಲ್ಲಿ ಫೋನ್ ಎತ್ತದವರೇ ಕಮ್ಮಿ. ಮೊದಲ ಸಲ ಮಾತು ಬೇಡ. ಟ್ರೈಪಾಡನ್ನೂ ತರಬೇಡಿ. ಸುತ್ತಲಿನದ್ದನ್ನು 10 ಸೆಕೆಂಡಿನ ಐದು ತುಣುಕು ತೆಗೆಯಿರಿ. ಆರನೆಯದಕ್ಕೆ ಕ್ಯಾಮೆರಾ ತಿರುಗಿಸಿ ಒಂದೇ ವಾಕ್ಯ ಹೇಳಿ.

ಮೂರನೆಯದು: ಟ್ರೈಪಾಡ್, ಆದರೆ ತಣ್ಣನೆಯ ಜಾಗದಲ್ಲಿ. ಬೆಳಿಗ್ಗೆ 7ರಿಂದ 9ರ ಒಳಗೆ ಬೇರೆ ಬಡಾವಣೆಯ ಪಾರ್ಕು, ಕೆರೆ ಏರಿ. ವಾಕಿಂಗ್ ಬರುವವರು ಸುತ್ತು ಹಾಕುತ್ತಿರುತ್ತಾರೆ, ಒಬ್ಬರೇ ಐದು ಸಲ ಎದುರಾಗುತ್ತಾರೆ. ಮೊದಲ ಸುತ್ತಿನಲ್ಲಿ ನೋಡಿದವರು ಮೂರನೆಯ ಸುತ್ತಿಗೆ ನೋಡುವುದನ್ನೇ ಬಿಟ್ಟಿರುತ್ತಾರೆ. ಅದನ್ನು ಕಣ್ಣಾರೆ ಕಾಣುವುದು ಹತ್ತು ಉಪದೇಶಕ್ಕೆ ಸಮ. ನಾಲ್ಕನೆಯದು ಸಂತೆ, ಮಾರುಕಟ್ಟೆ: ಗಾಂಧಿ ಬಜಾರು, ಮಲ್ಲೇಶ್ವರದ 8ನೇ ಕ್ರಾಸು, ಮೈಸೂರಿನ ದೇವರಾಜ ಮಾರುಕಟ್ಟೆ.

ಪ್ರತಿ ಮೆಟ್ಟಿಲಿಗೂ ಒಂದೇ ನಿಯಮ: ಮುಜುಗರ ತುತ್ತತುದಿಯಲ್ಲಿದ್ದಾಗ ಜಾಗ ಬಿಡಬೇಡಿ. ಹತ್ತಕ್ಕೆ ಎಷ್ಟು ಎಂದು ಮನಸ್ಸಿನಲ್ಲೇ ಅಂಕ ಹಾಕಿ. ಏಳು ಇದ್ದಾಗ ಓಡಿದರೆ, ಓಡಿದ್ದರಿಂದಲೇ ಬದುಕಿಕೊಂಡೆ ಎಂದು ಮೈ ಪಾಠ ಕಲಿಯುತ್ತದೆ, ಮುಂದಿನ ಸಲ ಇನ್ನೂ ಕಷ್ಟ. ಏನೂ ಮಾಡದೆ ನಿಂತರೂ ಸರಿ, ಮೂರು ನಾಲ್ಕಕ್ಕೆ ಇಳಿಯುವವರೆಗೆ ಅಲ್ಲೇ ಇರಿ. ಸಾಮಾನ್ಯವಾಗಿ 10–20 ನಿಮಿಷದಲ್ಲಿ ತಾನೇ ಇಳಿಯುತ್ತದೆ. ಏಳರಲ್ಲೇ ನಿಂತುಬಿಟ್ಟರೆ ಮೆಟ್ಟಿಲು ಎತ್ತರದ್ದಾಯಿತು. ಮಾತು ಬಿಟ್ಟು, ಎದುರಿನ ಮರವನ್ನೋ ಅಂಗಡಿಯನ್ನೋ ಒಂದಿಷ್ಟು ತೆಗೆದು, ಉಸಿರು ಹದಕ್ಕೆ ಬಂದ ಮೇಲೆ ಹೊರಡಿ.

ಒಂದು ಶಾಟ್, ಹತ್ತಿರದಿಂದ

ಜಾಗ ತಲುಪಿದ ಕೂಡಲೇ ಚೀಲ ಬಿಚ್ಚಬೇಡಿ. ಐದು ನಿಮಿಷ ಸುಮ್ಮನೆ ನಿಲ್ಲಿ, ಹತ್ತಿರದ ಅಂಗಡಿಯಲ್ಲಿ ಒಂದು ಕಾಫಿ ಕುಡಿಯಿರಿ. ಕಾಫಿ ಕುಡಿದವರು ಗಿರಾಕಿ. ಗಿರಾಕಿ ಟ್ರೈಪಾಡ್ ತೆಗೆದರೆ ಅಂಗಡಿಯವರೇ ‘ಆ ಕಡೆ ನಿಂತ್ಕೊಳ್ಳಿ, ಬೆಳಕು ಚೆನ್ನಾಗಿದೆ’ ಎನ್ನುತ್ತಾರೆ. ಕಾಫಿ ಹೊತ್ತಿನಲ್ಲಿ ಮೂರನ್ನು ಗೊತ್ತುಮಾಡಿಕೊಳ್ಳಿ: ಬೆನ್ನಿಗೆ ಗೋಡೆ ಎಲ್ಲಿದೆ, ಜನ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಾರೆ, ನೆರಳು ಎಲ್ಲಿದೆ. ಬೆನ್ನ ಹಿಂದೆ ಜನ ಓಡಾಡದಿದ್ದರೆ ಅರ್ಧ ಕಳವಳ ಇಲ್ಲ. ಬಿಸಿಲಿಗೆ ಮುಖ ಮಾಡಿ ನಿಂತರೆ ಕಣ್ಣು ಕಿರಿದಾಗುತ್ತದೆ. ಕಟ್ಟಡದ ನೆರಳಿನೊಳಗೆ, ಬೆಳಕಿನ ಕಡೆ ಮುಖ ಮಾಡಿ ನಿಲ್ಲಿ.

ಹಿಂದಿನ ಕ್ಯಾಮೆರಾ ಬಳಸಿ. ಚಿತ್ರ ಚೆನ್ನಾಗಿರುತ್ತದೆ, ಅದಕ್ಕಿಂತ ಮುಖ್ಯವಾಗಿ ನಿಮ್ಮ ಮುಖ ನಿಮಗೆ ಕಾಣುವುದಿಲ್ಲ. ಮಾತಾಡುತ್ತ ಪರದೆಯಲ್ಲಿ ಕೂದಲು ನೋಡಿಕೊಳ್ಳುವವರ ಕಣ್ಣು ವಿಡಿಯೊದಲ್ಲಿ ಒಂದು ಕಡೆ ಜಾರಿರುತ್ತದೆ. ಲೆನ್ಸ್ ಪಕ್ಕದಲ್ಲಿ, ಲೆನ್ಸಿಗೆ ತಾಗದಂತೆ, ಒಂದು ಸಣ್ಣ ಸ್ಟಿಕ್ಕರ್ ಬಿಂದಿ ಅಂಟಿಸಿ. ಕಣ್ಣಿಗೆ ಒಂದು ಗುರಿ ಸಿಗುತ್ತದೆ. ಚೌಕಟ್ಟು ಸರಿಮಾಡಲು ನೀವು ನಿಲ್ಲುವ ಜಾಗದಲ್ಲಿ ಚೀಲ ಇಟ್ಟು, ಪರದೆಯಲ್ಲಿ ಕಾಣುವ ಚೀಲದ ಮೇಲೆ ಬೆರಳೊತ್ತಿ ಹಿಡಿದು ಫೋಕಸ್ ಲಾಕ್ ಮಾಡಿ. ಟ್ರೈಪಾಡ್ ಎರಡು ಮಾರಿಗಿಂತ ದೂರ ಬೇಡ. ಜನಸಂದಣಿಯಲ್ಲಿ ಫೋನ್ ಹಾರಿಸಿಕೊಂಡು ಹೋಗುವವರೂ ಇರುತ್ತಾರೆ.

ರಿಮೋಟ್ ಒತ್ತಿ. ಮೂಗಿನಿಂದ ಉಸಿರೆಳೆದು ನಿಧಾನ ಬಿಡಿ, ಎಳೆದದ್ದಕ್ಕಿಂತ ಬಿಡುವುದು ಉದ್ದವಿರಲಿ. ಮೂರು ಸೆಕೆಂಡ್ ಬಿಂದಿ ನೋಡಿ. ಮೊದಲ ವಾಕ್ಯ ಬಾಯಿಪಾಠವಾಗಿರಲಿ. ಉಳಿದದ್ದು ಬಾಯಿಪಾಠ ಬೇಡ, ಚೀಟಿಯಲ್ಲಿ ಮೂರು ಪದ ಸಾಕು. ಇಡೀ ಮಾತನ್ನು ಉರು ಹೊಡೆದವರು ಒಂದು ಪದ ತಪ್ಪಿದರೆ ಕಂಬದಂತೆ ನಿಂತುಬಿಡುತ್ತಾರೆ. ಕೈಗೆ ಏನಾದರೂ ಹಿಡಿಯಲು ಇರಲಿ: ಕಾಫಿ ಲೋಟ, ಚೀಲದ ಪಟ್ಟಿ, ಒಂದು ಕಟ್ಟು ಕೊತ್ತಂಬರಿ.

ತಪ್ಪಿದರೆ ರೆಕಾರ್ಡಿಂಗ್ ನಿಲ್ಲಿಸಬೇಡಿ. ಅಂಗೈಯನ್ನು ಒಂದು ಸೆಕೆಂಡ್ ಕ್ಯಾಮೆರಾ ಕಡೆ ತೋರಿಸಿ, ಆ ವಾಕ್ಯದ ಮೊದಲಿನಿಂದ ಹೇಳಿ. ಎಡಿಟ್ ಮಾಡುವಾಗ ಸಾಲು ಚಿತ್ರಗಳ ನಡುವೆ ಅಂಗೈ ಕಣ್ಣಿಗೆ ಬೀಳುತ್ತದೆ, ಅಲ್ಲಿ ಕತ್ತರಿಸಿದರಾಯಿತು. ಮನೆಯಲ್ಲಿ ಚಪ್ಪಾಳೆ ತಟ್ಟಿ ಗುರುತು ಹಾಕುವವರಿದ್ದಾರೆ, ಬೀದಿಯಲ್ಲಿ ತಟ್ಟಿದರೆ ಬೇರೇನೋ ಆಗುತ್ತದೆ. ಯಾರಾದರೂ ಅಡ್ಡ ಬಂದರೆ ಬಿಡಿ, ದಾರಿ ಅವರದು. ಸ್ವಲ್ಪ ನಕ್ಕು ತಲೆಯಾಡಿಸಿ, ಮತ್ತೆ ಶುರುಮಾಡಿ. ಎರಡು ಟೇಕ್ ಮಾತ್ರ. ಮೂರನೆಯದು ಎರಡನೆಯದಕ್ಕಿಂತ ಚೆನ್ನಾಗಿ ಬರುವುದು ಅಪರೂಪ. ಸದ್ದು ಬಂದಿದೆಯೇ, ಮುಖ ಮಸುಕಾಗಿಲ್ಲವೇ ಎಂದು ಐದು ಸೆಕೆಂಡ್ ನೋಡಿ, ಫೋನ್ ಜೇಬಿಗೆ ಹಾಕಿ. ಪೂರ್ತಿ ನೋಡುವುದು ಮನೆಯಲ್ಲಿ.

ಯಾವ ಕನ್ನಡದಲ್ಲಿ ಮಾತಾಡುವುದು

ರೆಕಾರ್ಡ್ ಒತ್ತಿದ ಕೂಡಲೇ ಎಷ್ಟೋ ಜನರ ಬಾಯಲ್ಲಿ ವಾರ್ತಾವಾಚಕರು ಬಂದು ಕೂರುತ್ತಾರೆ: ‘ಆತ್ಮೀಯ ವೀಕ್ಷಕರೇ, ಇಂದು ನಾವು ಗಾಂಧಿ ಬಜಾರಿಗೆ ಆಗಮಿಸಿದ್ದೇವೆ.’ ಗಾಂಧಿ ಬಜಾರಿಗೆ ಯಾರೂ ಆಗಮಿಸುವುದಿಲ್ಲ, ಬರುತ್ತಾರೆ. ಹೂ ಮಾರುವಾಕೆ ತಿರುಗಿ ನೋಡುವುದು ಕ್ಯಾಮೆರಾ ಕಂಡಲ್ಲ, ಈ ಭಾಷಣ ಕೇಳಿ. ‘ಇವತ್ತು ಗಾಂಧಿ ಬಜಾರಿಗೆ ಬಂದಿದೀನಿ, ಸೇವಂತಿಗೆ ಮಾರು ಎಷ್ಟು ಕೇಳೋಣ’ ಎಂದರೆ ಅದು ಸುತ್ತಲಿನ ಮಾತಿನಲ್ಲಿ ಬೆರೆತುಹೋಗುತ್ತದೆ. ಧಾರವಾಡದವರು, ಕುಂದಾಪುರದವರು, ಮಂಗಳೂರಿನವರು ಕ್ಯಾಮೆರಾ ಮುಂದೆ ಬೆಂಗಳೂರಿನ ಮಾತನ್ನು ಎರವಲು ತಂದರೆ ಎರಡು ಕೆಲಸ ಒಟ್ಟಿಗೆ ಮಾಡಬೇಕಾಗುತ್ತದೆ: ಹೇಳುವುದೂ, ಮನಸ್ಸಿನಲ್ಲೇ ತರ್ಜುಮೆ ಮಾಡುವುದೂ. ಮನೆಯಲ್ಲಿ ಆಡುವ ಮಾತನ್ನೇ ಆಡಿ. ಯಾರಾದರೂ ಒಬ್ಬರನ್ನು ನೆನೆಸಿಕೊಂಡು, ಚಿಕ್ಕಮ್ಮನೋ ಗೆಳೆಯನೋ, ಅವರಿಗೆ ಹೇಳಿದಂತೆ ಹೇಳಿ.

ಜನ ಮಾತಾಡಿಸಿದರೆ

ಮಾತಾಡಿಸುವವರಲ್ಲಿ ಹೆಚ್ಚಿನವರಿಗೆ ಕುತೂಹಲವಷ್ಟೇ. ‘ಯಾವ ಚಾನೆಲ್ಲು ಸರ್?’ ಎಂದರೆ, ‘ಚಾನೆಲ್ ಏನಿಲ್ಲ ಅಣ್ಣಾ, ನಂದೇ ಸಣ್ಣ ವಿಡಿಯೊ. ಎರಡು ನಿಮಿಷ, ಮುಗಿಸಿ ಹೊರಡ್ತೀನಿ.’ ಇದನ್ನೂ ಮನೆಯಲ್ಲಿ ನಾಲ್ಕು ಸಲ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿಕೊಳ್ಳಿ, ಉತ್ತರ ಸಿದ್ಧವಿಲ್ಲದಿದ್ದಾಗಲೇ ನಾಲಿಗೆ ತೊದಲುವುದು. ‘ನಮ್ಮನ್ನು ತೆಗೀಬೇಡಿ’ ಎಂದರೆ ವಾದ ಬೇಡ, ಫೋನ್ ತಿರುಗಿಸಿ, ಅವರಿದ್ದ ತುಣುಕನ್ನು ಅವರೆದುರೇ ಅಳಿಸಿ. ಮಕ್ಕಳು ‘ಅಂಕಲ್, ನಂದೂ ತೆಗೀರಿ’ ಎಂದು ಮುತ್ತಿಕೊಂಡರೆ ಅಟ್ಟಬೇಡಿ, ಅಟ್ಟಿದಷ್ಟೂ ಹೆಚ್ಚಾಗುತ್ತಾರೆ. ಅವರಲ್ಲಿ ಜೋರಾದವನ ಕೈಗೆ ‘ಯಾರೂ ಅಡ್ಡ ಬರದ ಹಾಗೆ ನೋಡ್ಕೋ ಪುಟ್ಟ’ ಎಂದು ಕೆಲಸ ಕೊಡಿ. ಅವರ ಮುಖವನ್ನು ಮಾತ್ರ ವಿಡಿಯೊದಲ್ಲಿ ಹಾಕಬೇಡಿ.

ಹೆಂಗಸರಿಗೆ ಬರುವ ಚುಡಾಯಿಸುವ ಮಾತು ಸಂಕೋಚದ ಸಮಸ್ಯೆಯಲ್ಲ, ಅದನ್ನು ಧೈರ್ಯದಿಂದ ಗೆಲ್ಲಬೇಕಾದ ಪರೀಕ್ಷೆ ಎಂದುಕೊಳ್ಳಬೇಡಿ. ಜಾಗ ಬದಲಿಸಿ, ಮೊದಮೊದಲು ಗೆಳತಿಯೊಬ್ಬಳು ಜೊತೆಗಿರಲಿ, ಲೈವ್ ಲೊಕೇಶನ್ ಮನೆಯವರಿಗೆ ಕಳಿಸಿರಿ (ಆಗ ಏರೋಪ್ಲೇನ್ ಮೋಡ್ ಬೇಡ), ವಿಡಿಯೊವನ್ನು ಆ ಜಾಗ ಬಿಟ್ಟು ಬಂದ ಮೇಲೆ ಹಾಕಿ. ಬೆದರಿಕೆಯಾದರೆ 112ಕ್ಕೆ ಕರೆಮಾಡಿ.

ಇನ್ನು ಅನುಮತಿ. ಮುಜುಗರದಲ್ಲಿ ಒಂದು ಪಾಲು ‘ಇಲ್ಲಿ ತೆಗೀಬಹುದಾ’ ಎಂಬ ಅನುಮಾನವೇ ಆಗಿರುತ್ತದೆ. ಅದನ್ನು ಮಾನಸಿಕ ತಂತ್ರದಿಂದ ಕಳೆಯುವ ಬದಲು ಗೇಟಿನಲ್ಲಿ ಕೇಳಿಬಿಡುವುದು ಸುಲಭ. ಮೆಟ್ರೊ, ರೈಲು ನಿಲ್ದಾಣ, ಮಾಲ್, ಆಸ್ಪತ್ರೆ, ದೇವಸ್ಥಾನದ ಒಳಗೆ ಕೇಳದೆ ಶುರುಮಾಡಬೇಡಿ. ಹಂಪಿ, ಪಟ್ಟದಕಲ್ಲು, ಹಳೇಬೀಡಿನಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಕೈಯಲ್ಲಿ ಹಿಡಿದು ತೆಗೆಯುವುದಕ್ಕೂ ಟ್ರೈಪಾಡ್ ಊರುವುದಕ್ಕೂ ನಿಯಮ ಬೇರೆ, ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು. ದುಬೈಯಲ್ಲಿರುವ ಕನ್ನಡಿಗರು ಇನ್ನೂ ಹುಷಾರಾಗಿರಬೇಕು, ಅಲ್ಲಿ ಒಪ್ಪಿಗೆಯಿಲ್ಲದೆ ಬೇರೆಯವರ ಚಿತ್ರ ತೆಗೆಯುವುದು ಶಿಕ್ಷೆಯಾಗಬಲ್ಲ ಅಪರಾಧ.

ಇಷ್ಟೆಲ್ಲ ಮಾಡಿಯೂ ತಿಂಗಳುಗಟ್ಟಲೆ ಮೊದಲ ಮೆಟ್ಟಿಲಲ್ಲೇ ಉಳಿದಿದ್ದರೆ, ಅಥವಾ ಹೋಟೆಲಿನಲ್ಲಿ ತಿಂಡಿ ಹೇಳುವುದಕ್ಕೂ ಅಪರಿಚಿತರಿಗೆ ಫೋನ್ ಮಾಡುವುದಕ್ಕೂ ಇದೇ ನಡುಕ ಬರುತ್ತಿದ್ದರೆ, ಅದು ಕ್ಯಾಮೆರಾದ ವಿಷಯವಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಹೊರಡುವಾಗಿನ ಕ್ರಮವೂ ಗೊತ್ತಿರಲಿ, ಏಕೆಂದರೆ ಮುಗಿಯಿತು ಎಂಬ ಖುಷಿಯಲ್ಲಿ ಎಲ್ಲರೂ ದಡಬಡಿಸುತ್ತಾರೆ. ಮೊದಲು ಮೈಕ್ ಆಫ್ ಮಾಡಿ ಡಬ್ಬಿಗೆ ಹಾಕಿ. ವೈರಿಲ್ಲದ ಮೈಕ್ ಆದರೆ, ಆಮೇಲೆ ಅದರ ಸದ್ದು ಹಿಡಿಯಲು ಫೋನಿನ ಕೆಳಗೆ ಸಿಕ್ಕಿಸಿದ ರಿಸೀವರ್ ತೆಗೆಯಿರಿ, ಅದು ಬೆರಳುಗುರಿನಷ್ಟಿರುತ್ತದೆ, ಕಳೆದುಹೋಗುವುದು ಯಾವಾಗಲೂ ಅದೇ. ಕೊನೆಗೆ ಟ್ರೈಪಾಡ್. ಲೋಟ ಕೈಯಲ್ಲೇ ಉಳಿದಿದ್ದರೆ ಅಂಗಡಿಗೆ ವಾಪಸ್ ಕೊಡಿ.